ಬೈಕ್ ಎಷ್ಟು ಓಡುತ್ತೆ ಸರಿ, ಎಲ್ಲಿ ನಿಲ್ಲುತ್ತೆ? ಡ್ರ್ಯಾಗ್ ರೇಸ್‌ನ ಬ್ರೇಕ್ ತಪಾಸಣೆ ಹೇಳುವ ಲೆಕ್ಕ

ಬೈಪಾಸ್ ರಸ್ತೆ ಆದ ಊರುಗಳಿಗೆ ಅನುಕೂಲದ ಜೊತೆಗೇ ಒಂದು ತಲೆನೋವೂ ಬಂದಿದೆ. ಬೆಳಗಿನ ಜಾವ ಇಲ್ಲವೇ ರಾತ್ರಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಸೈಲೆನ್ಸರ್ ಬಿಚ್ಚಿದ ಬೈಕ್‌ಗಳ ಸದ್ದು. ಎರಡು ಗಾಡಿ ಪಕ್ಕಪಕ್ಕ ನಿಲ್ಲುತ್ತವೆ, ಯಾರೋ ಕೈ ಬೀಸುತ್ತಾರೆ, ಮುಂದಿನ ಪೆಟ್ರೋಲ್ ಬಂಕ್ ತನಕ ಯಾರು ಮೊದಲು ಅನ್ನೋದು ಪಂದ್ಯ. ಹುಡುಗರು ಇದಕ್ಕೆ ಇಟ್ಟಿರುವ ಹೆಸರು 'ಡ್ರ್ಯಾಗ್'.

ಹೆಸರು ಸರಿಯಾದದ್ದೇ. ಡ್ರ್ಯಾಗ್ ರೇಸ್ ಎನ್ನುವ ಅಧಿಕೃತ ಕ್ರೀಡೆ ಪ್ರಪಂಚದಲ್ಲಿ ಇದೆ, ಭಾರತದಲ್ಲೂ ಇದೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಇದೇ ಆಟದಲ್ಲಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದವರು. ಆದರೆ ಅಲ್ಲಿ ನಡೆಯುವುದಕ್ಕೂ ಬೈಪಾಸ್‌ನಲ್ಲಿ ನಡೆಯುವುದಕ್ಕೂ ಇರುವ ಅಂತರ ವೇಗದ್ದಲ್ಲ, ಬ್ರೇಕ್‌ದು. ಅಸಲಿ ಡ್ರ್ಯಾಗ್ ರೇಸ್‌ನಲ್ಲಿ ಬೈಕ್ ಓಡುವ ಮುಂಚೆ ಅದು ನಿಲ್ಲುತ್ತದೋ ಇಲ್ಲವೋ ಅಂತ ನೋಡಿ 'ಆಗಲ್ಲ, ವಾಪಸ್ ತಗೊಂಡು ಹೋಗು' ಎನ್ನುವ ಅಧಿಕಾರ ಇರುವ ಒಬ್ಬ ಮನುಷ್ಯ ಇರುತ್ತಾನೆ. ಬೈಪಾಸ್‌ನಲ್ಲಿ ಆ ಮನುಷ್ಯ ಇಲ್ಲ. ಬೈಪಾಸ್ ಬಿಡಿ, ಶೋರೂಮ್‌ನಿಂದ ಹೊರಬಿದ್ದ ಮಾಮೂಲಿ ಬೈಕ್‌ಗೂ ಅಂಥ ಮನುಷ್ಯ ಇಲ್ಲ. ಸಮಸ್ಯೆಯ ಬೇರು ಇರುವುದು ಅಲ್ಲೇ.

ಓಟ 402 ಮೀಟರ್, ರಸ್ತೆ ಅದರ ಎರಡರಷ್ಟು

ಡ್ರ್ಯಾಗ್ ರೇಸ್‌ನ ಹಳೇ ಅಳತೆ ಕಾಲು ಮೈಲಿ, ಅಂದರೆ 402 ಮೀಟರ್. ನೇರ ದಾರಿ, ಎರಡು ಗಾಡಿ, ಮೊದಲು ಮುಟ್ಟಿದವನು ಗೆದ್ದ. ಅಮೆರಿಕದಲ್ಲಿ 1951ರಲ್ಲಿ ಶುರುವಾದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಈ ಆಟವನ್ನು ಬೀದಿಯಿಂದ ಎತ್ತಿ ಟ್ರ್ಯಾಕ್‌ಗೆ ತಂದು ಅದಕ್ಕೆ ನಿಯಮ ಕಟ್ಟಿತು. ಆ ಸಂಸ್ಥೆಯ ಪ್ರೊ ಸ್ಟಾಕ್ ಮೋಟಾರ್‌ಸೈಕಲ್ ವರ್ಗದ ಬೈಕ್‌ಗಳು ಈಗ ಏಳು ಸೆಕೆಂಡಿಗೂ ಕಡಿಮೆ ಸಮಯದಲ್ಲಿ 402 ಮೀಟರ್ ಮುಗಿಸಿ, ಗಂಟೆಗೆ 320 ಕಿ.ಮೀ. ವೇಗ ದಾಟುತ್ತವೆ.

ನೋಡುವವರ ಕಣ್ಣು ಗೆರೆ ಮುಟ್ಟುವ ತನಕ ಮಾತ್ರ. ಗೆರೆ ದಾಟಿದ ಮೇಲೆ ಇನ್ನೊಂದು ಉದ್ದನೆಯ ಖಾಲಿ ರಸ್ತೆ ಇರುತ್ತದೆ. ಅದನ್ನು ಶಟ್‌ಡೌನ್ ಏರಿಯಾ ಅನ್ನುತ್ತಾರೆ. ನಿಲ್ಲುವುದಕ್ಕೆಂದೇ ಬಿಟ್ಟ ಜಾಗ ಅದು. ಅದರ ಕೊನೆಯಲ್ಲಿ ಮರಳು, ಬಲೆ. ಮಹಾರಾಷ್ಟ್ರದ ಆಂಬಿ ವ್ಯಾಲಿಯಲ್ಲಿ ಡ್ರ್ಯಾಗ್ ಕೂಟ ನಡೆಸಲು ವಿಮಾನದ ರನ್‌ವೇ ಆರಿಸಿಕೊಂಡಿದ್ದರ ಹಿಂದೆಯೂ ಇದೇ ಲೆಕ್ಕ ಇದೆ. ಓಡಲು ಜಾಗ ಎಲ್ಲಾದರೂ ಸಿಗುತ್ತದೆ, ಅಡ್ಡ ಯಾರೂ ಬಾರದೆ ನಿಲ್ಲುವ ಜಾಗ ಸಿಗುವುದು ಕಷ್ಟ.

ಈ ಜಾಗ ಎಷ್ಟು ಮುಖ್ಯ ಅನ್ನೋದಕ್ಕೆ ಒಂದು ದುರಂತವೇ ಸಾಕ್ಷಿ. 2008ರ ಜೂನ್‌ನಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್ ಟ್ರ್ಯಾಕ್‌ನಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಅನುಭವಿ ಚಾಲಕನ ರೇಸ್ ಕಾರಿನ ಎಂಜಿನ್ ಓಟದ ಕೊನೆಯಲ್ಲಿ ಸ್ಫೋಟಿಸಿತು. ಪ್ಯಾರಾಚೂಟ್‌ಗಳಿಂದ ಕಾರನ್ನು ತಡೆಯಲಾಗಲಿಲ್ಲ. ನಿಲ್ಲುವ ಜಾಗ ಮುಗಿದು ಕಾರು ಟ್ರ್ಯಾಕ್ ಆಚೆ ಹೋಯಿತು, ಚಾಲಕ ಉಳಿಯಲಿಲ್ಲ. ಅದಾದ ಮುಂದಿನ ತಿಂಗಳೇ ಸಂಸ್ಥೆ ಅತಿ ವೇಗದ ಕಾರುಗಳ ಓಟವನ್ನು 402 ಮೀಟರ್‌ನಿಂದ 1000 ಅಡಿಗೆ, ಅಂದರೆ ಸುಮಾರು 305 ಮೀಟರ್‌ಗೆ ಇಳಿಸಿತು. ಓಡುವ ದೂರ ಕಡಿಮೆ ಮಾಡಿ ನಿಲ್ಲುವ ದೂರ ಹೆಚ್ಚಿಸಿದರು. ಆಟದ ಹಳೇ ಅಳತೆಯನ್ನೇ ಬ್ರೇಕ್‌ಗಾಗಿ ಬಿಟ್ಟುಕೊಟ್ಟರು ಅನ್ನೋದು ಇಲ್ಲಿ ಗಮನಿಸಬೇಕಾದ ವಿಷಯ.

ಅದೇ ಸಂಸ್ಥೆಯ ನಿಯಮದಂತೆ ಗಂಟೆಗೆ 150 ಮೈಲಿ, ಅಂದರೆ ಸುಮಾರು 240 ಕಿ.ಮೀ. ವೇಗ ಮುಟ್ಟುವ ಕಾರಿಗೆ ಪ್ಯಾರಾಚೂಟ್ ಕಡ್ಡಾಯ. ಡ್ರ್ಯಾಗ್ ಬೈಕ್‌ಗೆ ಸಾಮಾನ್ಯವಾಗಿ ಪ್ಯಾರಾಚೂಟ್ ಇರಲ್ಲ. ಬೈಕ್ ಸವಾರನ ಪಾಲಿಗೆ ಇರೋದು ಎರಡು ಚಕ್ರದ ಎರಡು ಬ್ರೇಕ್ ಮಾತ್ರ. ಹಾಗಾಗಿ ಅದರ ತಪಾಸಣೆಯೂ ಬಿಗಿ.

ಕ್ರಿಕೆಟ್ ಪಿಚ್ ಲೆಕ್ಕದಲ್ಲಿ ಬ್ರೇಕ್

ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಎರಡು ಪಟ್ಟಾಗಲ್ಲ, ನಾಲ್ಕು ಪಟ್ಟಾಗುತ್ತದೆ. ಒಳ್ಳೆ ಟೈರ್, ಒಣ ರಸ್ತೆ, ಎರಡೂ ಬ್ರೇಕ್ ಸರಿಯಾಗಿ ಹಿಡಿಯುವ ಬೈಕ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಲು ಸುಮಾರು 20 ಮೀಟರ್ ಬೇಕು. ಅದು ಒಂದು ಕ್ರಿಕೆಟ್ ಪಿಚ್‌ನ ಉದ್ದ. 120ರಿಂದ ನಿಲ್ಲಲು 80 ಮೀಟರ್, ಅಂದರೆ ನಾಲ್ಕು ಪಿಚ್. 180ರಿಂದ 180 ಮೀಟರ್, ಒಂಬತ್ತು ಪಿಚ್. 300ರಿಂದ 500 ಮೀಟರ್, ಇಪ್ಪತ್ತೈದು ಪಿಚ್.

ಇದು ಬ್ರೇಕ್ ಹಿಡಿದ ಮೇಲಿನ ದೂರ. ಎದುರು ಏನೋ ಬಂತು ಅಂತ ತಲೆಗೆ ಹೋಗಿ ಕೈಗೆ ಬರುವ ತನಕ ಒಂದು ಸೆಕೆಂಡ್ ಅಂತ ಹಿಡಿಯಿರಿ. 120ರಲ್ಲಿ ಆ ಒಂದು ಸೆಕೆಂಡಿಗೆ ಬೈಕ್ ಮುಂದೆ ಹೋಗುವುದು 33 ಮೀಟರ್. ಒಟ್ಟು 113 ಮೀಟರ್ ಆಯಿತು.

ಈಗ ಬೈಪಾಸ್‌ಗೆ ಬನ್ನಿ. 402 ಮೀಟರ್ ಓಡಿ 120ರಲ್ಲಿ ಗೆರೆ ದಾಟಿದ ಗಾಡಿಗೆ ಒಟ್ಟು ಅರ್ಧ ಕಿಲೋಮೀಟರ್‌ಗೂ ಮೀರಿ ಖಾಲಿ ರಸ್ತೆ ಬೇಕು. 220 ಮುಟ್ಟುವ ದೊಡ್ಡ ಬೈಕ್‌ಗೆ ಮುಕ್ಕಾಲು ಕಿಲೋಮೀಟರ್ ಹತ್ತಿರ. ತಾಲ್ಲೂಕಿನ ಯಾವ ಬೈಪಾಸ್‌ನಲ್ಲಿ ಮುಕ್ಕಾಲು ಕಿಲೋಮೀಟರ್ ಅಷ್ಟು ಉದ್ದಕ್ಕೆ ಒಂದು ಡಿವೈಡರ್ ಗ್ಯಾಪ್, ಒಂದು ಡಾಬಾ, ಒಂದು ತೋಟದ ದಾರಿ ಇಲ್ಲದೆ ಇದೆ? ಟೈಲ್ ಲ್ಯಾಂಪ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್, ಸುಗ್ಗಿ ಬಂದರೆ ರಸ್ತೆ ಮೇಲೇ ಹರಡಿದ ರಾಗಿ ತೆನೆ, ಹುರುಳಿ. ಒಕ್ಕಣೆ ಹುಲ್ಲಿನ ಮೇಲೆ ಟೈರ್ ಜಾರಿದರೆ ಎಂಥ ಬ್ರೇಕ್ ಇದ್ದೂ ಪ್ರಯೋಜನ ಇಲ್ಲ.

ಅಲ್ಲಿ ಏನನ್ನು ನೋಡುತ್ತಾರೆ

ಭಾರತದಲ್ಲಿ ಮೋಟಾರ್ ಕ್ರೀಡೆಯನ್ನು ನೋಡಿಕೊಳ್ಳುವುದು ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ರಾಷ್ಟ್ರೀಯ ಡ್ರ್ಯಾಗ್ ಪಂದ್ಯಗಳು ನಡೆಯುತ್ತವೆ. ಸವಾರನಿಗೆ ಸ್ಪರ್ಧಾ ಲೈಸೆನ್ಸ್ ಇರಬೇಕು. ಬೈಕ್ 'ಸ್ಕ್ರೂಟಿನಿ' ಎಂಬ ತಪಾಸಣೆ ದಾಟಬೇಕು. ಜಗತ್ತಿನ ಎಲ್ಲ ಕಡೆ ಈ ತಪಾಸಣೆಯ ತಿರುಳು ಹೆಚ್ಚುಕಡಿಮೆ ಒಂದೇ.

ಮೊದಲು ಬ್ರೇಕ್. ಮುಂದೆ, ಹಿಂದೆ ಎರಡೂ ಕಡೆ ಇರಬೇಕು, ಎರಡೂ ಹಿಡಿಯಬೇಕು. ಲಿವರ್ ಹಿಡಿದರೆ ಗಟ್ಟಿಯಾಗಿ ನಿಲ್ಲಬೇಕು. ಸ್ಪಾಂಜ್ ಥರ ಒಳಗೆ ಹೋದರೆ ಪೈಪ್‌ನಲ್ಲಿ ಗಾಳಿ ಸೇರಿದೆ ಅಂತ ಅರ್ಥ. ಆಮೇಲೆ ಹೋಸ್ ಎಲ್ಲಾದರೂ ಉಜ್ಜಿದೆಯಾ, ಎಣ್ಣೆ ಜಿನುಗುತ್ತಿದೆಯಾ. ಪ್ಯಾಡ್ ಎಷ್ಟು ಉಳಿದಿದೆ, ಡಿಸ್ಕ್ ಸವೆದಿದೆಯಾ, ಬಿರುಕು ಇದೆಯಾ. ಕ್ಯಾಲಿಪರ್ ಬೋಲ್ಟ್ ಬಿಗಿಯಾಗಿದೆಯಾ. ಲಿವರ್‌ನ ತುದಿ ಗುಂಡಗಿರಬೇಕು. ಚೂಪಾಗಿ ಮುರಿದಿದ್ದರೆ ಬಿದ್ದಾಗ ಅದೇ ಚುಚ್ಚುತ್ತದೆ.

ಎರಡನೆಯದು ಎಂಜಿನ್ ಆಫ್ ಆಗುವ ದಾರಿ. ಥ್ರಾಟಲ್ ಬಿಟ್ಟ ಕೂಡಲೇ ತಾನಾಗಿ ವಾಪಸ್ ತಿರುಗಬೇಕು. ಸವಾರನ ಮೈಗೆ ಒಂದು ದಾರ, ಅದರ ಇನ್ನೊಂದು ತುದಿ ಕಿಲ್ ಸ್ವಿಚ್‌ಗೆ. ಸವಾರ ಬಿದ್ದರೆ ದಾರ ಕಿತ್ತು ಎಂಜಿನ್ ಆರುತ್ತದೆ. ಸವಾರನಿಲ್ಲದ ಬೈಕ್ ತಾನೇ ಓಡಿ ಜನರ ಮೇಲೆ ಹೋಗಬಾರದು ಅನ್ನೋದು ಇದರ ಉದ್ದೇಶ. ನೂರಿನ್ನೂರು ರೂಪಾಯಿ ಬೆಲೆಯ ಇಷ್ಟು ಸಣ್ಣ ವಸ್ತು ಇಲ್ಲ ಅಂತ ಲಕ್ಷಾಂತರ ರೂಪಾಯಿ ಬೈಕನ್ನು ಗೆರೆ ಹತ್ತಿರವೂ ಬಿಡಲ್ಲ.

ಮೂರನೆಯದು ಚೈನ್, ಚೈನ್ ಗಾರ್ಡ್, ಆಕ್ಸಲ್ ನಟ್, ಟೈರ್. ಕೊನೆಗೆ ಸವಾರನ ಹೆಲ್ಮೆಟ್, ಚರ್ಮದ ಸೂಟ್, ಗ್ಲೋವ್ಸ್, ಬೂಟ್.

ಇದು ಒಂದೇ ಸಲ ಮುಗಿಯುವ ಕೆಲಸವೂ ಅಲ್ಲ. ಪ್ರತಿ ಪಂದ್ಯಕ್ಕೂ ಹೊಸದಾಗಿ ನೋಡಬೇಕು. ಬೈಕ್ ಬಿದ್ದರೆ ಮತ್ತೆ ತಪಾಸಣೆ ಆಗದೆ ಟ್ರ್ಯಾಕ್‌ಗೆ ಇಳಿಯುವ ಹಾಗಿಲ್ಲ. ಚಾಂಪಿಯನ್ ಆದರೂ ಇದೇ ನಿಯಮ, ಮೊದಲ ದಿನದ ಹುಡುಗ ಆದರೂ ಇದೇ ನಿಯಮ.

ಒಂದು ಮಾತು ಇಲ್ಲಿ ಸೇರಿಸಬೇಕು. ಅಸಲಿ ಡ್ರ್ಯಾಗ್‌ನಲ್ಲಿ ವೀಲಿಂಗ್ ಎಂದರೆ ತಪ್ಪು, ಶೋಕಿ ಅಲ್ಲ. ಮುಂದಿನ ಚಕ್ರ ಎದ್ದರೆ ಸಮಯ ಹೋಗುತ್ತದೆ. ಹಾಗಾಗಿ ಏಳದಂತೆ ಹಿಂದೆ ಉದ್ದನೆಯ ವೀಲಿ ಬಾರ್ ಕಟ್ಟುತ್ತಾರೆ. ಮಾಮೂಲಿ ಬೈಕ್ ನಿಲ್ಲುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕ್‌ದು. ಮುಂದಿನ ಚಕ್ರ ಗಾಳಿಯಲ್ಲಿದ್ದರೆ ಆ ಬ್ರೇಕ್ ಇದ್ದೂ ಇಲ್ಲದ ಹಾಗೆ.

ಅರ್ಧ ತಂದರು, ಇನ್ನರ್ಧ ಬಿಟ್ಟರು

ಮೊಬೈಲ್‌ನಲ್ಲಿ ವಿಡಿಯೋ ನೋಡಿ ಡ್ರ್ಯಾಗ್ ಬೈಕ್‌ನ ಪಾರ್ಟ್‌ಗಳನ್ನು ರಸ್ತೆ ಬೈಕ್‌ಗೆ ಹಾಕುವ ಚಟ ತಾಲ್ಲೂಕು ಮಟ್ಟಕ್ಕೂ ಇಳಿದಿದೆ. ಹಿಂದಿನ ಸ್ವಿಂಗ್‌ಆರ್ಮ್ ಉದ್ದ ಮಾಡಿಸೋದು, ಮುಂದಿನ ಫೋರ್ಕ್ ತಗ್ಗಿಸೋದು, ದಪ್ಪ ಟೈರ್, ತೂಕ ಇಳಿಸಲು ಕಂಡದ್ದೆಲ್ಲ ಬಿಚ್ಚೋದು. ಟ್ರ್ಯಾಕ್‌ನಲ್ಲಿ ಈ ಒಂದೊಂದಕ್ಕೂ ಅರ್ಥ ಇದೆ. ರಸ್ತೆಯಲ್ಲಿ ಇದೇ ಬ್ರೇಕ್‌ಗೆ ಮುಳುವಾಗುತ್ತದೆ.

ಸ್ವಿಂಗ್‌ಆರ್ಮ್ ಉದ್ದ ಆದರೆ ಹಿಂದಿನ ಬ್ರೇಕ್ ಹೋಸ್ ಸಾಲಲ್ಲ. ಸರಿಯಾದ ಉದ್ದದ ಹೋಸ್ ತರಿಸದೆ ಎಳೆದು ಕಟ್ಟಿದರೆ ಗುಂಡಿಗೆ ಇಳಿದಾಗ ಅದು ಜಗ್ಗುತ್ತದೆ. ಎಬಿಎಸ್ ಸೆನ್ಸರ್ ವೈರ್ ಮುಟ್ಟಲ್ಲ, 'ಬಿಡು, ಕಿತ್ತು ಹಾಕು' ಅನ್ನುತ್ತಾರೆ. 125 ಸಿಸಿ ಮೇಲ್ಪಟ್ಟ ಹೊಸ ಬೈಕ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಮಾಡಿದ್ದೇ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರಬಾರದು ಅಂತ. ಅದನ್ನೇ ಕಿತ್ತರೆ ಉಳಿದದ್ದೇನು?

ಫೋರ್ಕ್ ತಗ್ಗಿಸಿ ಕಟ್ಟಿದರೆ ಮುಂದಿನ ಸಸ್ಪೆನ್ಷನ್‌ಗೆ ಆಡಲು ಜಾಗ ಇರಲ್ಲ. ನುಣುಪು ಟ್ರ್ಯಾಕ್‌ನಲ್ಲಿ ನಡೆಯುತ್ತದೆ, ಊರಿನ ಹಂಪ್ ಮೇಲೆ ಟೈರ್ ಕುಣಿಯುತ್ತದೆ. ನೆಲ ಬಿಟ್ಟ ಟೈರ್‌ಗೆ ಬ್ರೇಕ್ ಹಿಡಿದರೆ ಅದು ಲಾಕ್ ಆಗುತ್ತದೆ, ಬೈಕ್ ನಿಲ್ಲಲ್ಲ. ಗೆರೆ ಇಲ್ಲದ ಸ್ಲಿಕ್ ಟೈರ್ ಮಳೆ ಬಂದರೆ ಸೋಪಿನ ಮೇಲೆ ಕಾಲಿಟ್ಟ ಹಾಗೆ. ಡಿಸ್ಕ್ ಹಗುರ ಆಗಲಿ ಅಂತ ಲೇತ್‌ನಲ್ಲಿ ತೂತು ಹೊಡೆಸಿದರೆ ಬಿಸಿಗೆ ಬಿರುಕು ಬಿಡುವ ಅಪಾಯ.

ಒಟ್ಟಿನಲ್ಲಿ ಓಡುವ ಅರ್ಧವನ್ನು ಟ್ರ್ಯಾಕ್‌ನಿಂದ ತಂದರು. ನಿಲ್ಲುವ ಅರ್ಧವನ್ನು, ಬೇಡ ಅನ್ನುವ ಮನುಷ್ಯನನ್ನು ಅಲ್ಲೇ ಬಿಟ್ಟು ಬಂದರು.

ಹದಿನೈದು ವರ್ಷ ಯಾರೂ ಕೇಳಲ್ಲ

ಇದನ್ನು ಬರೀ ಪುಂಡ ಹುಡುಗರ ವಿಷಯ ಅಂತ ತಳ್ಳಿಹಾಕುವ ಹಾಗಿಲ್ಲ. ಹಳದಿ ಬೋರ್ಡ್ ಗಾಡಿಗೆ ಎಫ್‌ಸಿ ಅಂತ ಇದೆ. ಆಟೋದವರು, ಗೂಡ್ಸ್ ಗಾಡಿಯವರು ಆರ್‌ಟಿಒ ಮುಂದೆ ನಿಲ್ಲಲೇಬೇಕು. ಖಾಸಗಿ ಬೈಕ್‌ನ ನೋಂದಣಿ 15 ವರ್ಷಕ್ಕೆ. ಆ ಹದಿನೈದು ವರ್ಷದಲ್ಲಿ ಹೊಗೆ ಪರೀಕ್ಷೆ ಮಾಡಿಸಬೇಕು, ಇನ್ಶೂರೆನ್ಸ್ ಕಟ್ಟಬೇಕು. 'ಬ್ರೇಕ್ ಹಿಡಿಯುತ್ತಾ?' ಅಂತ ಕೇಳುವ ಕಡ್ಡಾಯ ತಪಾಸಣೆ ಮಾತ್ರ ಒಂದೂ ಇಲ್ಲ. ಡ್ರ್ಯಾಗ್ ಬೈಕ್ ಏಳೆಂಟು ಸೆಕೆಂಡ್ ಓಡಲು ಪ್ರತಿ ಪಂದ್ಯಕ್ಕೂ ಪರೀಕ್ಷೆ. ದಿನಾ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಂತೆಗೆ ಹೋಗುವ ಬೈಕ್‌ಗೆ ಹದಿನೈದು ವರ್ಷಕ್ಕೊಂದು ಸಲ.

ಅಂದರೆ ತಾಲ್ಲೂಕಿನಲ್ಲಿ ಸ್ಕ್ರೂಟಿನಿ ಮಾಡುವ ಏಕೈಕ ಮನುಷ್ಯ ಮೆಕ್ಯಾನಿಕ್. 'ಬರೀ ಆಯಿಲ್ ಚೇಂಜ್ ಮಾಡಿ ಸಾಕು' ಎನ್ನುವ ಗಿರಾಕಿಗೆ 'ಪ್ಯಾಡ್ ಮುಗಿದಿದೆ, ಹಾಕಿಸದೆ ಗಾಡಿ ಕೊಡಲ್ಲ' ಅನ್ನುವವನೇ ಅಸಲಿ ಇನ್ಸ್‌ಪೆಕ್ಟರ್. ಹಾಗೆ ಹೇಳಿದರೆ ಗಿರಾಕಿ ಪಕ್ಕದ ಗ್ಯಾರೇಜ್‌ಗೆ ಹೋಗುತ್ತಾನೆ ಅನ್ನೋ ಭಯ ನಿಜವಾದದ್ದೇ. ಅದಕ್ಕೇ ಒಬ್ಬ ಹೇಳಿದರೆ ಸಾಲದು, ಊರಿನ ಗ್ಯಾರೇಜ್‌ನವರೆಲ್ಲ ಸೇರಿ ಒಂದೇ ಮಾತು ಆಡಬೇಕು.

ಕಾನೂನು ಏನು ಹೇಳುತ್ತೆ

ಸಾರ್ವಜನಿಕ ಜಾಗದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ನಡೆಸುವುದು, ಅದರಲ್ಲಿ ಭಾಗವಹಿಸುವುದು ಮೋಟಾರು ವಾಹನ ಕಾಯ್ದೆ 189ನೇ ಕಲಂ ಪ್ರಕಾರ ಅಪರಾಧ. 2019ರ ತಿದ್ದುಪಡಿ ನಂತರ ಮೊದಲ ಸಲಕ್ಕೆ ಮೂರು ತಿಂಗಳ ತನಕ ಜೈಲು ಅಥವಾ 5 ಸಾವಿರ ರೂ. ತನಕ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ ಜೈಲು, 10 ಸಾವಿರ ದಂಡದ ತನಕ ಹೋಗಬಹುದು. ಕಂಪನಿ ಕೊಟ್ಟ ರೂಪ ಬದಲಿಸಿ ಅಕ್ರಮವಾಗಿ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೂ 5 ಸಾವಿರ ರೂ. ದಂಡ ಅಥವಾ ಆರು ತಿಂಗಳ ತನಕ ಜೈಲು ಇದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಹೇಳಿದೆ.

ಗಾಡಿ ಓಡಿಸಿದವನು ಅಪ್ರಾಪ್ತನಾದರೆ ಹೊರೆ ಅಪ್ಪನ ತಲೆ ಮೇಲೆ. ಪೋಷಕ ಅಥವಾ ಮಾಲೀಕನಿಗೆ ಮೂರು ವರ್ಷದ ತನಕ ಜೈಲು, 25 ಸಾವಿರ ರೂ. ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ.

ಅಂಗಡಿಯವರು ಗಮನಿಸಬೇಕಾದ್ದು ಇನ್ಶೂರೆನ್ಸ್. ರೇಸ್, ವೇಗ ಪರೀಕ್ಷೆಗೆ ಗಾಡಿ ಬಳಸುವುದನ್ನು ಮಾಮೂಲಿ ಪಾಲಿಸಿ ಒಪ್ಪಲ್ಲ ಅಂತ ಪಾಲಿಸಿ ಕಾಗದದಲ್ಲೇ ಬರೆದಿರುತ್ತದೆ. ಅಂಗಡಿ ಹೆಸರಲ್ಲೋ ಅಪ್ಪನ ಹೆಸರಲ್ಲೋ ಇರುವ ಗಾಡಿಯನ್ನು ಮಗ ಪಂದ್ಯಕ್ಕೆ ಒಯ್ದು ದಾರಿಹೋಕರಿಗೆ ಗುದ್ದಿದರೆ, ಈ ಕಾರಣ ಮುಂದಿಟ್ಟು ಕಂಪನಿ ಕೈ ತೊಳೆದುಕೊಳ್ಳಲು ನೋಡಬಹುದು. ಪರಿಹಾರದ ಹಣ ಮಾಲೀಕನಿಂದಲೇ ವಸೂಲಾಗುವ ಸಾಧ್ಯತೆ ಇದೆ. ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ಐದು ವರ್ಷದ ತನಕ ಶಿಕ್ಷೆ ಬೇರೆ.

ವೀಲಿಂಗ್ ತಡೆಯಲು ಈಗಿರುವ ಕಾನೂನು ಸಾಲದು, ಬಿಗಿ ಮಾಡಬೇಕು ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಅಭಿಪ್ರಾಯಪಟ್ಟಿತ್ತು. ದಂಡ ಹೆಚ್ಚಿಸುವುದು ಸರಿ. ಆದರೆ ದಂಡ ಬೀಳುವುದು ಸಿಕ್ಕಿಬಿದ್ದ ಮೇಲೆ, ಬ್ರೇಕ್ ಬೇಕಾಗುವುದು ಅದಕ್ಕಿಂತ ಮುಂಚೆ.

ಐದು ನಿಮಿಷದ ಸ್ಕ್ರೂಟಿನಿ

ಟ್ರ್ಯಾಕ್‌ನ ತಪಾಸಣೆಯಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ಮನೆ ಮುಂದೆಯೂ ಮಾಡಬಹುದು.

ಮುಂದಿನ ಲಿವರ್ ಗಟ್ಟಿಯಾಗಿ ಹಿಡಿದು ಹತ್ತು ಎಣಿಸಿ. ನಿಧಾನಕ್ಕೆ ಹ್ಯಾಂಡಲ್ ಕಡೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ.

ಬ್ರೇಕ್ ಆಯಿಲ್ ಬಣ್ಣ ನೋಡಿ. ಟೀ ಡಿಕಾಕ್ಷನ್ ಥರ ಕಪ್ಪಾಗಿದ್ದರೆ ಬದಲಿಸಿ. ಡಾಟ್ 3, ಡಾಟ್ 4 ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅನ್ನೋದು ಮಾನದಂಡ. ತೇವ ಸೇರಿದ ಮೇಲೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಆಯಿಲ್ ಕುದಿದರೆ ಲಿವರ್ ಹಿಡಿದರೂ ಬ್ರೇಕ್ ಇರಲ್ಲ. ಯಾವ ಡಾಟ್ ಹಾಕಬೇಕು ಅಂತ ಡಬ್ಬಿ ಮುಚ್ಚಳದ ಮೇಲೇ ಇರುತ್ತದೆ, ಕೈಗೆ ಸಿಕ್ಕಿದ್ದು ಸುರಿಯಬೇಡಿ.

ಪ್ಯಾಡ್‌ಗೆ ಟಾರ್ಚ್ ಹಾಕಿ ನೋಡಿ. ಡಿಸ್ಕ್ ಎಷ್ಟು ಸವೆಯಬಹುದು ಅನ್ನೋ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತಾರೆ. ಡ್ರಮ್ ಬ್ರೇಕ್ ಆದರೆ ಸವೆತ ತೋರಿಸುವ ಬಾಣದ ಗುರುತು ಬಹಳಷ್ಟು ಗಾಡಿಗಳಲ್ಲಿ ಹೊರಗೇ ಇದೆ.

ಎಂಜಿನ್ ಆನ್ ಮಾಡಿ ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಸದ್ದು ಏರಿದರೆ ಥ್ರಾಟಲ್ ಕೇಬಲ್ ಎಳೆಯುತ್ತಿದೆ. ಕಿಲ್ ಸ್ವಿಚ್ ಒತ್ತಿ, ಎಂಜಿನ್ ಆರಬೇಕು.

ಇದನ್ನು ತಿಂಗಳಿಗೊಂದು ಸಲ ಮಾಡಿದರೂ ಸಾಕು. ಆಯುಧಪೂಜೆ ದಿನ ಗಾಡಿ ತೊಳೆದು, ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಹತ್ತಿಸುವ ಪದ್ಧತಿ ಪ್ರತಿ ಮನೆಯಲ್ಲೂ ಇದೆ. ಆವತ್ತು ಗ್ಯಾರೇಜ್‌ನವರು ತಮ್ಮ ಬೀದಿಯಲ್ಲಿ ಬ್ರೇಕ್ ತಪಾಸಣೆ ಇಟ್ಟುಕೊಂಡರೆ ಊರಿಗೂ ಒಳ್ಳೆಯದು, ವ್ಯಾಪಾರಕ್ಕೂ ಒಳ್ಳೆಯದು.

ಪೊಲೀಸರು ಮತ್ತು ಹೆದ್ದಾರಿಯವರ ಪಾಲಿನ ಕೆಲಸವೂ ಇದೆ. ರೇಸ್ ನಡೆಯುವ ಹೊತ್ತು, ಜಾಗ ಬೈಪಾಸ್ ಪಕ್ಕದ ಡಾಬಾದವರಿಗೆ ಗೊತ್ತಿರುತ್ತದೆ. ಅವರ ಮಾತು ಕೇಳಿ ಆ ಹೊತ್ತಿಗೆ ಗಸ್ತು ಹಾಕಿದರೆ ಅರ್ಧ ಕೆಲಸ ಆದಂತೆ. 112ಕ್ಕೆ ಕರೆ ಮಾಡಿದವರ ಹೆಸರು ಹುಡುಗರ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ಇನ್ನರ್ಧ.

ವೇಗದ ಹುಚ್ಚು ನಿಜವಾಗಿಯೂ ಇರುವ ಹುಡುಗನಿಗೆ ದಾರಿ ಮುಚ್ಚಿಲ್ಲ. ಲೈಸೆನ್ಸ್ ತೆಗೆದುಕೊಂಡು, ಸ್ಕ್ರೂಟಿನಿ ದಾಟಿ, ಟ್ರ್ಯಾಕ್‌ನಲ್ಲಿ ಓಡಿ ಹೆಸರು ಮಾಡಿದ ಕನ್ನಡಿಗರು ಇದ್ದಾರೆ. ಅಲ್ಲಿಗೆ ಹೋಗಬೇಕು ಅಂದರೆ ಖರ್ಚಿದೆ, ಶಿಸ್ತಿದೆ, ತಪಾಸಕ ಬೇಡ ಅಂದರೆ ತಲೆಬಾಗಿ ಬೈಕ್ ತಳ್ಳಿಕೊಂಡು ವಾಪಸ್ ಬರುವ ತಾಳ್ಮೆ ಬೇಕು. ಅಷ್ಟು ಆಗಲ್ಲ ಅನ್ನುವವನು ಬೈಪಾಸ್‌ನಲ್ಲಿ ಆಡುತ್ತಿರುವುದನ್ನು ಡ್ರ್ಯಾಗ್ ರೇಸ್ ಅನ್ನಲು ಬರಲ್ಲ. ಮಗನಿಗೆ ಗಾಡಿ ಕೊಡಿಸುವಾಗ 'ಮೈಲೇಜ್ ಎಷ್ಟು, ಪಿಕಪ್ ಹೇಗೆ' ಅಂತ ಕೇಳುವ ಅಪ್ಪಂದಿರು ಅದೇ ಉಸಿರಲ್ಲಿ 'ಬ್ರೇಕ್ ಹೇಗಿದೆ' ಅಂತಲೂ ಕೇಳಲಿ. ಆಮೇಲೆ ತಿಂಗಳಿಗೊಮ್ಮೆ ತಾವೇ ಲಿವರ್ ಹಿಡಿದು ನೋಡಲಿ.